ಹಮ್ರಿಯಾದಲ್ಲಿ ಎರಡು ಪಾರ್ಟಿ

ಅಮೆರಿಕದ ಕಮ್ಯುನಿಸ್ಟ್ ಪಾರ್ಟಿಯನ್ನು ಮಸ್ಕತ್ತಿನ ಹಮ್ರಿಯಾದಲ್ಲಿ ಹಿಡಿದುಕೊಟ್ಟ ಮಹಾಶಯ ನಾನೇ. ಅಮೆರಿಕದ ಪೊಲೀಸರು ಬೆವರು ಸುರಿಸಿ ಮಾಡಿದ ಕೆಲಸವನ್ನು ನಾನು ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡೇ ಮುಗಿಸಿದೆ.

ಎಂಬತ್ತರ ದಶಕದ ಕೊನೆ. ಆಗಿನ ಶುಕ್ರವಾರಗಳಿಗೆ ಒಂದು ವಾಸನೆಯಿತ್ತು: ಕೆಳಗಿನ ಅಂಗಡಿಯ ಲೋಬಾನ, ಅಮ್ಮನ ಬಾಣಲೆಯ ಎಣ್ಣೆ, ಹಳೇ ಏಸಿಯ ಒದ್ದೆ ಗಾಳಿ. ರಜೆಯ ಆ ದಿನ ಸುಂದರ ಮಾವ ಕಟ್ಟಡದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ಅಮ್ಮನ ತಮ್ಮ. ಮಂಗಳೂರಲ್ಲಿ ಇತಿಹಾಸದ ಎಂ.ಎ. ಮಾಡಿ, ಕೆಲಸ ಸಿಗದೆ, ಅಪ್ಪನ ಕಂಪೆನಿಯಲ್ಲೇ ಟೈಪಿಸ್ಟ್ ಆಗಿದ್ದರು. ರಾಜ-ರಾಣಿ ಕಥೆ ಅವರಿಗೆ ಬರುತ್ತಿರಲಿಲ್ಲ.

“ಹಿಂದೆ ಅಮೆರಿಕದ ಚಿಕಾಗೋದಲ್ಲಿ ಒಂದೇ ವಾರದಲ್ಲಿ ಎರಡು ಕಮ್ಯುನಿಸ್ಟ್ ಪಾರ್ಟಿ ಹುಟ್ಟಿತು ಮಾರಾಯ್ರೆ. ಹೆಸರೂ ಹೆಚ್ಚುಕಡಿಮೆ ಒಂದೇ!”

“ಎರಡು ಎಂತಕ್ಕೆ ಮಾವ?”

“ಯಾರ ಮಾತು ನಡೀಬೇಕು ಅಂತ ಜಗಳ. ಹೆಚ್ಚಿನವರು ನಮ್ಮ ಹಾಗೆ ಹೊಟ್ಟೆಪಾಡಿಗೆ ಪರದೇಶದಿಂದ ಬಂದವರು. ಎಷ್ಟೋ ಜನಕ್ಕೆ ಇಂಗ್ಲಿಷೇ ಬರ್ಲಿಕ್ಕಿಲ್ಲ. ಪೊಲೀಸ್ರು ನುಗ್ಗಿ ಹಿಡಿದ್ರು. ಕೆಲವರನ್ನು ಹಡಗು ಹತ್ತಿಸಿ ಕಳಿಸಿಯೇ ಬಿಟ್ರು. ಖಲಾಸ್!”

ಅಷ್ಟು ಸಾಕಾಯಿತು. ನಮ್ಮ ಕಟ್ಟಡದ ಮೆಟ್ಟಿಲಲ್ಲೂ ಎರಡು ಪಾರ್ಟಿ ಹುಟ್ಟಿದವು. ಒಂದಕ್ಕೆ ಕೆಳಮನೆಯ ವಿಲ್ಫಿ ಲೀಡರ್, ಇನ್ನೊಂದಕ್ಕೆ ನಾನು. ನನ್ನ ಪಾರ್ಟಿಯಲ್ಲಿದ್ದದ್ದು ನಾನು ಮತ್ತು ನನ್ನ ತಂಗಿ. ಅವಳೂ ಒಂದು ಚಾಕಲೇಟಿಗೆ ಪಕ್ಷಾಂತರ ಮಾಡಿದಳು.

ಒಂದು ಶುಕ್ರವಾರ ಆಟ ಜೋರಾಗಿದ್ದಾಗ ಅಪ್ಪನ ಕಂಪೆನಿಯ ಮಾಲಕರಾದ ಕಫೀಲ್ ಮನೆಗೆ ಬಂದರು. ನಮ್ಮೆಲ್ಲರ ವೀಸಾ ಇದ್ದದ್ದು ಅವರ ಕೈಯಲ್ಲಿ. ಮಾವನದು ಆ ತಿಂಗಳೇ ಮುಗಿಯುವುದಿತ್ತು. ಅದಕ್ಕೇ ಕಫೀಲರನ್ನು ಕರೆದದ್ದು, ಅದಕ್ಕೇ ಅಮ್ಮ ಗೋಳಿಬಜೆ ಕರಿದದ್ದು. ಮಕ್ಕಳ ಗದ್ದಲ, ತಟ್ಟೆ ತುಂಬ ತಿಂಡಿ ನೋಡಿ ಅವರು ನಗುತ್ತಾ ಇಂಗ್ಲಿಷಿನಲ್ಲಿ ಕೇಳಿದರು, “ಏನು, ಇವತ್ತು ಪಾರ್ಟಿಯಾ?”

ಪಾಪ, ಅವರು ಕೇಳಿದ್ದು ಬರ್ತ್‌ಡೇ ಪಾರ್ಟಿ. ನನಗೆ ಲೀಡರ್‌ಗಿರಿ ನೆತ್ತಿಗೇರಿತ್ತು.

“ಯೆಸ್ ಸರ್! ಕಮ್ಯುನಿಸ್ಟ್ ಪಾರ್ಟಿ! ಟೂ ಪಾರ್ಟಿ ಸರ್! ಸುಂದರ ಅಂಕಲ್ ಸ್ಟಾರ್ಟೆಡ್!”

ಆ ಊರಲ್ಲಿ ನಮ್ಮ ದೊಡ್ಡವರು ಆ ಪದವನ್ನು ಕಿಟಕಿ ಹಾಕಿಕೊಂಡೂ ಆಡುತ್ತಿರಲಿಲ್ಲ. “ಸ್ಕೂಲ್ ಡ್ರಾಮಾ ಸರ್, ಡ್ರಾಮಾ,” ಎಂದು ಅಪ್ಪ ತೊದಲಿದರು. ಕಫೀಲ್ ಮತ್ತೆ ನಗಲಿಲ್ಲ. ಗೋಳಿಬಜೆ ಮುಟ್ಟಲಿಲ್ಲ.

ಮಾವನ ವೀಸಾ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ನನಗೊಂದು ಪೆಟ್ಟೂ ಬೀಳಲಿಲ್ಲ. ಬಿದ್ದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಎಲ್ಲರೂ ಅವರನ್ನು ಏರ್‌ಪೋರ್ಟಿಗೆ ಬಿಡಲು ಹೊರಟಾಗ ಈ ಮಹಾನಾಯಕ ಬಾತ್‌ರೂಮಿನಲ್ಲಿ ಚಿಲಕ ಹಾಕಿ ಕೂತಿದ್ದ.

ಆಮೇಲೂ ಶುಕ್ರವಾರಗಳು ಬಂದವು, ಬಾಣಲೆಯೂ ಕಾದಿತು, ಕಥೆ ಮಾತ್ರ ಇರಲಿಲ್ಲ. ಈಗ ಅದೇ ಇತಿಹಾಸ ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಡುವೆ “ಮಾರಾಯ್ರೆ” ಎನ್ನುವವರಿಲ್ಲ.

ಎಷ್ಟೋ ವರ್ಷದ ಮೇಲೆ, ಊರಲ್ಲಿ ತಂಗಿಯ ಮದುವೆ ಊಟದಲ್ಲಿ ಮಾವನ ಪಕ್ಕದ ಎಲೆಯಲ್ಲಿ ಕೂತೆ. ತಮಾಷೆ ಮಾಡಿಯೇ ಹೇಳಿಬಿಡೋಣ ಅಂದುಕೊಂಡಿದ್ದೆ. “ಮಾವ, ಅವತ್ತು ನಾನು...” ಎಂದವನು ಮುಂದಿನ ಮಾತು ಬಿಟ್ಟು ಅನ್ನ ಕಲಸತೊಡಗಿದೆ.

ಮಾವ ಎಲೆಯಿಂದ ತಲೆ ಎತ್ತಲಿಲ್ಲ.

“ನೀನು ಅರ್ಧ ಕಥೆ ಹೇಳಿದ್ದು ಮಾರಾಯ. ಆ ಎರಡು ಪಾರ್ಟಿ ಆಮೇಲೆ ಒಂದಾಯ್ತು. ಅದನ್ನು ಮುಂದಿನ ಶುಕ್ರವಾರ ಹೇಳುವಾ ಅಂತ ಇದ್ದೆ.”