ನೋಡದೆ ಹೇಳಿದ ಇಪ್ಪತ್ತೇಳು

ಮೊನ್ನೆ ನಾನು ಬೂತಾಯಿ ಮೀನು ಕೊಯ್ಯುತ್ತಿದ್ದೆ. ಮಗಳ ಮಗಳು ಅಶ್ವಿನಿ ಅಲ್ಲೇ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಡಿಸಿ ಕೂತಿದ್ದಳು. ಇಂಗ್ಲಿಷ್ ನನಗೆ ಬಾರದು, ಕನ್ನಡವೂ ಮೂರನೇ ಕ್ಲಾಸಿನಷ್ಟೇ. ಆದರೆ ಅಂಕೆ ಬರುತ್ತದೆ. ಉರ್ವದ ಮಾರುಕಟ್ಟೆಯಲ್ಲಿ ಅಷ್ಟು ವರ್ಷ ಮೀನು ಮಾರಿದವಳಿಗೆ ಅಂಕೆ ಬಾರದಿದ್ದರೆ ಆಗುತ್ತದೆಯೇ? ಪರದೆಯ ಮೂಲೆಯಲ್ಲಿ ಒಂದು ಅಂಕೆ ಕಂಡಿತು. ಇಪ್ಪತ್ತೇಳು. ನನ್ನ ಕತ್ತಿ ನಿಂತಿತು.

"ಎಂತದು ಅದು, ಆ ಇಪ್ಪತ್ತೇಳು?"

"ಟೆಂಪರೇಚರ್ ಅಜ್ಜಿ. ನಾನು ಹಾಕಿದ್ದಲ್ಲ, ಅದು ತನ್ನಷ್ಟಕ್ಕೇ ಬರ್ತದೆ."

"ನೀನು ಮಾಡುವುದು ಎಂತ ಅದರಲ್ಲಿ?"

"ಬೋಟಿನ ಅಡಿಗೆ ನೀರು ನುಗ್ಗಿದರೆ ಬೊಬ್ಬೆ ಹಾಕುವ ಅಲಾರಂ. ಕಾಲೇಜಿನ ಪ್ರಾಜೆಕ್ಟು. ಮಾವನ ಬೋಟಿಗೇ ಇಡ್ತೇನೆ. ಕಂಪ್ಯೂಟರಿನಲ್ಲಿ ಸರಿ ಬಂತು."

ಅವಳ ಮಾವ ಎಂದರೆ ನನ್ನ ಮಗ. ಈಗ ಹೇಳಿ, ನನಗೆ ಸಿಟ್ಟು ಬರಬೇಕೋ ಬೇಡವೋ? ಇದೇ ಅಲಾರಂ, ಇದೇ ಇಪ್ಪತ್ತೇಳು, ಇದೇ 'ಕಂಪ್ಯೂಟರಿನಲ್ಲಿ ಸರಿ ಬಂತು' ಎಂಬ ಮಾತು ಒಮ್ಮೆ ನಮ್ಮ ಮನೆಗೆ ಬಂದು ಹೋಗಿದೆ. ಹೋಗುವಾಗ ನನ್ನ ತಮ್ಮನ ಬೋಟನ್ನೂ ತೆಗೆದುಕೊಂಡು ಹೋಗಿದೆ.

ಆಗ ನಾನು ಮೀನು ಹೊತ್ತು ಹೋಗುತ್ತಿದ್ದ ಬಿಜೈಯಲ್ಲಿ ಹಿಲ್ಡಾ ಬಾಯಿ ಎಂಬವರಿದ್ದರು; ಕ್ರಿಶ್ಚಿಯನ್ ಹೆಂಗಸರನ್ನು ನಾವು ಬಾಯಿ ಎನ್ನುವುದು. ಪೇಟೆಯ ಒಂದು ಕಾಲೇಜಿನಲ್ಲಿ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಏಕೆಂದು ನಾನು ಕೇಳಲೂ ಇಲ್ಲ. ಮೀನು ಕೊಳ್ಳುವುದರಲ್ಲಿ ಅವರಷ್ಟು ಜಗಳಗಂಟಿ ಇನ್ನೊಬ್ಬರಿಲ್ಲ. ಕಿವಿರು ಎತ್ತಿ, ಕಣ್ಣು ನೋಡಿ, ಬೆರಳಿನಿಂದ ಒತ್ತಿ, ಆಮೇಲೆ ಮಾತು. ನಾನು "ಈಗ ಬಂದ ಬಂಗುಡೆ, ಬಾಯಿ" ಎಂದರೆ, "ನೀನು ಹೇಳಿದ್ದು ಕೇಳಿತು, ಇನ್ನು ಬಂಗುಡೆ ಎಂತ ಹೇಳ್ತದೆ ನೋಡುವ" ಎನ್ನುತ್ತಿದ್ದರು.

ಒಂದು ದಿನ ಮೀನು ಬಿಟ್ಟು ಐಸ್ ಕೇಳಿದರು. ಕೊಡಲು ಅವರ ಮನೆಗೆ ಹೋದರೆ ಜಗಲಿಯಲ್ಲಿ ಮೀಟರು, ವೈರು, ಗ್ರಾಫ್ ಹಾಳೆ, ಒಂದು ಉದ್ದದ ಥರ್ಮಾಮೀಟರು. ಟ್ರಾನ್ಸಿಸ್ಟರು ಎಂದು ತೋರಿಸಿದರು, ಮೂರು ಕಾಲಿನ, ಕಡಲೆಯಷ್ಟೇ ದೊಡ್ಡ ವಸ್ತು. ಅದನ್ನು ಎಣ್ಣೆ ತುಂಬಿದ ಗಾಜಿನ ನಳಿಗೆಯಲ್ಲಿ ಮುಳುಗಿಸಿ, ನಳಿಗೆಯನ್ನು ಐಸಿನಲ್ಲಿ ಇಡುವುದು. ಮರುದಿನ ಕುದಿವ ನೀರಿನಲ್ಲಿ. ಬಿಸಿ ಏರಿದ ಹಾಗೆ ಎಷ್ಟು ಕರೆಂಟು ಸೋರುತ್ತದೆ ಎಂದು ಅಳೆದು ಹಾಳೆಯಲ್ಲಿ ಚುಕ್ಕಿ ಇಡಬೇಕು. ಚುಕ್ಕಿಗಳಿಗೆ ಒಂದು ಗೆರೆ, ಗೆರೆಗೆ ಒಂದು ಲೆಕ್ಕ, ಆ ಲೆಕ್ಕ ಕಂಪ್ಯೂಟರಿಗೆ. ಆಮೇಲೆ ವಸ್ತು ಇಲ್ಲದೆಯೇ ಕಂಪ್ಯೂಟರು ಅದರ ಹಾಗೆ ನಡೆದು ತೋರಿಸುತ್ತದಂತೆ. ಅದಕ್ಕೆ ಮಾಡೆಲ್ ಎನ್ನುತ್ತಾರಂತೆ.

ಅಷ್ಟು ಕಲಿತವರು ನಳಿಗೆಗೆ ಹಾಕಿದ್ದು ತೆಂಗಿನೆಣ್ಣೆ! ಐಸಿನಲ್ಲಿ ಅದು ಗಟ್ಟಿಯಾಗಿ ಕೂತಿತು.

"ತೆಂಗಿನೆಣ್ಣೆ ಐಸಿನಲ್ಲಿ ಕಟ್ಟದೆ ಮತ್ತೆಂತ ಆಗ್ತದೆ ಬಾಯಿ? ಇದಕ್ಕೆ ಕಾಲೇಜು ಬೇಕಾ?"

"ಮೊದಲೇ ಹೇಳ್ಲಿಕ್ಕೆ ನಿನಗೆಂತ ಆಗಿತ್ತು ಮಾರಾಯ್ತಿ?"

ಹೊಲಿಗೆ ಮೆಷಿನ್ನಿನ ಎಣ್ಣೆ ಹಾಕಿ ನೋಡಿ ಎಂದವಳು ನಾನೇ. ಅಂದಿನಿಂದ ನನಗೂ ಅಲ್ಲಿ ಕೆಲಸ. ಮೀಟರು ಮತ್ತು ಥರ್ಮಾಮೀಟರು ಎರಡನ್ನೂ ಒಬ್ಬರೇ ಒಟ್ಟಿಗೆ ನೋಡಲಿಕ್ಕೆ ಆಗುವುದಿಲ್ಲವಲ್ಲ. ಕುದಿದ ನೀರು ಆರುತ್ತಾ ಬರುವಾಗ ನಾನು ಕೂಗಬೇಕು. ಎಪ್ಪತ್ತು. ಅರುವತ್ತೈದು. ಅರುವತ್ತು. ಒಂದು ದಿನ ಬೆಕ್ಕು ನನ್ನ ಬುಟ್ಟಿಯ ಹತ್ತಿರ ಬಂದಿತ್ತು. ಮಾರುಕಟ್ಟೆಗೂ ಹೊತ್ತಾಗಿತ್ತು. ಬೆಕ್ಕಿನ ಮೇಲೆ ಕಣ್ಣಿಟ್ಟೇ "ಐವತ್ತು" ಎಂದು ಕೂಗಿಬಿಟ್ಟೆ. ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಬಾಯಿ ಹಾಳೆ ಎತ್ತಿ ಹಿಡಿದರು. ಎಲ್ಲ ಚುಕ್ಕಿಗಳೂ ಸಾಲಾಗಿ ಹತ್ತುತ್ತಿವೆ, ಒಂದು ಮಾತ್ರ ಸಾಲು ಬಿಟ್ಟು ಹೊರಗೆ ನಿಂತಿದೆ.

"ಐವತ್ತರಲ್ಲಿ ನೀನು ಎಲ್ಲಿ ನೋಡ್ತಾ ಇದ್ದೆ?"

"ಬೆಕ್ಕನ್ನು."

"ಹಾಗಾದರೆ ಇದು ಬೆಕ್ಕಿನ ಟೆಂಪರೇಚರ್. ನೀರು ಪುನಃ ಒಲೆಯ ಮೇಲಿಡು."

ನನಗೆ ನಾಚಿಕೆಯಾಯಿತು. ಮೀನು ಹಳತಾದರೆ ಹಳತು ಎಂದು ಮುಖಕ್ಕೆ ಹೇಳುವವಳು ನಾನು, ನೋಡದೆ ಒಂದು ಅಂಕೆ ಹೇಳಿಬಿಟ್ಟಿದ್ದೆ. ಒಂದು ಬುಟ್ಟಿ ಬಂಗುಡೆ ಕೆಡುವ ಮೊದಲು ಮಾರಬೇಕೆಂಬ ಅವಸರ, ಅಷ್ಟೆ. ಆದರೂ ಸುಳ್ಳು ಸುಳ್ಳೇ. ಬಾಯಿ ಬೈಯಲಿಲ್ಲ, ಮೂರು ಸಲ ನೀರು ಕಾಯಿಸಿದರು.

ಆ ವರ್ಷ ಅವರ ಕಾಲೇಜಿನವರು ಅದೇ ಟ್ರಾನ್ಸಿಸ್ಟರು ಹಾಕಿ ಬೋಟುಗಳಿಗೆ ಅಲಾರಂ ಮಾಡಿಕೊಡುತ್ತೇವೆಂದು ಹೊರಟಿದ್ದರು. ಮೊದಲ ಪಟ್ಟಿಯಲ್ಲೇ ನನ್ನ ತಮ್ಮ ಜನಾರ್ದನನ ಬೋಟು. ಬಾಯಿ ಚುಕ್ಕಿ ಇಟ್ಟ ಆ ಹಾಳೆ ಹಿಡಿದುಕೊಂಡು, ಅಲಾರಂ ಕೆಲಸದ ಮುಖ್ಯಸ್ಥ, ಎಲ್ಲರೂ ದೊಡ್ಡ ಸಾರ್ ಎನ್ನುವವನ ಕೋಣೆಗೆ ಹೋದರು. ಐಸಿನ ಡಬ್ಬ ಹೊತ್ತುಕೊಂಡು ನಾನೂ ಹಿಂದೆ. ಕೋಣೆಗೆ ಎಸಿ ಇತ್ತು, ನನಗೆ ಚಳಿ ಹಿಡಿಯಿತು.

"ಇದು ಹತ್ತು ಡಿಗ್ರಿ ಏರಿದರೆ ಎರಡು ಪಾಲು ಕರೆಂಟು ಸೋರ್ತದೆ ಸಾರ್. ಎಂಜಿನ್ ಕೋಣೆಯ ಬಿಸಿಗೆ ನೀರಿಲ್ಲದೆಯೇ ಕೂಗ್ತದೆ. ನಿಮ್ಮ ಮಾಡೆಲಿನಲ್ಲಿ ಸೋರುವ ಲೆಕ್ಕವೇ ಇಲ್ಲ. ಇಪ್ಪತ್ತೇಳರಲ್ಲಿ ಓಡಿಸಿದ್ದೀರಿ. ಎಂಜಿನ್ ಕೋಣೆಗೆ ಎಸಿ ಹಾಕ್ತೀರಾ?"

ಆ ಮನುಷ್ಯ ಹಾಳೆ ನೋಡಲಿಲ್ಲ. ನನ್ನ ಡಬ್ಬ ನೋಡಿದ. "ಮೀನಿನ ಐಸಿನಲ್ಲಿ ಸೈನ್ಸ್ ಮಾಡ್ಲಿಕ್ಕೆ ಆಗ್ತದಾ ಮೇಡಂ? ಕಂಪ್ಯೂಟರಿನಲ್ಲಿ ಸರಿ ಬಂದಿದೆಯಲ್ಲ."

ಅಲಾರಂ ಇಟ್ಟರು. ಹಾರ ಹಾಕಿ ಫೋಟೋ ತೆಗೆದರು. ಬೋಟು ನದಿ ಕಡಲು ಸೇರುವ ಅಳಿವೆ ದಾಟಿ ಎಂಜಿನ್ ಕಾದದ್ದೇ ತಡ, ಬೊಬ್ಬೆ ಶುರು. ಇಳಿದು ನೋಡಿದರೆ ಹನಿ ನೀರಿಲ್ಲ. ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ನಾಲ್ಕನೇ ದಿನ ತಮ್ಮ ವೈರು ಕಿತ್ತು ಬಿಸಾಡಿದ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಆ ತಿಂಗಳೇ ಅಡಿಯ ಹಲಗೆ ಬಿಟ್ಟು ನೀರು ನುಗ್ಗಿತು. ಕೂಗಲಿಕ್ಕೆ ಯಾರೂ ಇರಲಿಲ್ಲ. ಎಂಜಿನ್ ನಿಂತ ಮೇಲೆಯೇ ಗೊತ್ತಾದದ್ದು. ಬೇರೆ ಬೋಟಿನವರು ಜನರನ್ನು ಎಳೆದುಕೊಂಡರು, ಬೋಟು ಹೋಯಿತು. ಸ್ವಂತ ಬೋಟು ನಡೆಸಿದವನು ಆಮೇಲೆ ಬೋಟು ಕಟ್ಟುವ ದಕ್ಕೆಯಲ್ಲಿ ಬೇರೆಯವರ ಬೋಟಿಗೆ ಐಸ್ ತುಂಬಿಸಿ ಮುದುಕನಾದ.

ದೊಡ್ಡ ಸಾರ್ ಹೇಳಿದ್ದೇನು ಗೊತ್ತುಂಟಾ? "ವೈರು ಕಿತ್ತದ್ದು ಅವರೇ. ಓದು ಬಾರದವರಿಗೆ ಕೊಟ್ಟರೆ ಹೀಗೇ." ಓದು ಬಂದವನಿಗೆ ಒಂದು ಹಾಳೆ ಓದಲಿಕ್ಕೆ ಆಗಿರಲಿಲ್ಲ! ನಾನು ಬೆಕ್ಕು ನೋಡಿ ಹೇಳಿದ ಅಂಕೆಯನ್ನಾದರೂ ಹಿಡಿಯಲು ಒಬ್ಬರಿದ್ದರು. ಆ ಸಾರ್ ಯಾವುದನ್ನೂ ನೋಡದೆ ಹೇಳಿದ, ಅದನ್ನು ಹಿಡಿದವರ ಬಾಯಿಯನ್ನೇ ಮುಚ್ಚಿಸಿದ. ಹಿಲ್ಡಾ ಬಾಯಿ ಹೋಗಿ ವರ್ಷಗಳಾದವು. ನನ್ನ ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ.

ಇಷ್ಟನ್ನೂ ಕೈಯಲ್ಲಿ ಮೀನು ಹಿಡಿದುಕೊಂಡೇ ಅಶ್ವಿನಿಗೆ ಹೇಳಿದೆ. ಅವಳು ಏನೋ ಒತ್ತಿದಳು.

"ಅರುವತ್ತು ಹಾಕಿದೆ ಅಜ್ಜಿ. ಈಗಲೂ ಸರಿ ಉಂಟು ಅಂತಲೇ ತೋರಿಸ್ತದೆ."

"ಆ ಮಾಡೆಲ್ ಯಾರು ಅಳೆದದ್ದು?"

"ಗೊತ್ತಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ್ದು."

"ನಿನ್ನ ಕೈಯಲ್ಲಿರುವ ಟ್ರಾನ್ಸಿಸ್ಟರನ್ನು ನೋಡಿ ಅಳೆದದ್ದಾ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಮರುದಿನ ಕಾಲೇಜಿನಿಂದ ಮೀಟರು, ಥರ್ಮಾಮೀಟರು ತಂದಳು. ನಾನು ಒಲೆಗೆ ನೀರಿಟ್ಟೆ. ಎಣ್ಣೆ ಯಾವುದೆಂದು ಹೇಳಿಕೊಟ್ಟೆ. ಥರ್ಮಾಮೀಟರಿನ ಮುಂದೆ ಕೂತರೆ ಗೆರೆಗಳೆಲ್ಲ ಮಂಜು. ಹಿಂದಿನ ನಾನಾಗಿದ್ದರೆ ಏನಾದರೊಂದು ಕೂಗುತ್ತಿದ್ದೆ. "ನನಗೆ ಕಾಣುವುದಿಲ್ಲ, ನೀನು ಇಲ್ಲಿ ಬಾ. ಮೀಟರಿನ ಅಂಕೆ ದೊಡ್ಡದುಂಟು, ಅದನ್ನು ನಾನು ನೋಡಿ ಬರೀತೇನೆ" ಎಂದೆ. ಜಾಗ ಬದಲಿಸಿದೆವು.

"ಅರುವತ್ತು!" ಎಂದಳು.

"ನೋಡಿ ಹೇಳಿದ್ದಾ?"

ಅವಳು ಥರ್ಮಾಮೀಟರಿನ ಹತ್ತಿರ ಬಗ್ಗಿದಳು.

"ನಿಲ್ಲಿ ಅಜ್ಜಿ, ಬರೆಯಬೇಡಿ. ಇನ್ನೊಮ್ಮೆ ನೋಡ್ತೇನೆ."