ಬ್ರೇಕ್ ಕೊಟ್ರಪ್ಪ ತಾವೇ ಬ್ರೇಕ್ ಹಿಡಿದ ಭಾನುವಾರ

ಬೆಂಗಳೂರಿನ ಹೊಸಹಳ್ಳಿಯ ಈ ಅಡ್ಡರಸ್ತೆಯಲ್ಲಿ ಹಾಲಿನ ಬೂತಿಗಿಂತ ಮೊದಲು ತೆರೆಯುವುದು ಕೊಟ್ರಪ್ಪನವರ ಬ್ರೇಕ್ ಅಂಗಡಿ. ಅಂಗಡಿ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿ, ಮುಂದೊಂದು ಗೋಣಿಪರದೆ ಇಳಿಬಿಟ್ಟಿದ್ದಾರೆ, ಅಷ್ಟೆ. ಪರದೆ ಸುತ್ತಿ ಮೇಲೆ ಕಟ್ಟಿ, ಮಣೆಯ ಮೇಲೆ ಕುಳಿತರೆಂದರೆ ದಿನ ಶುರು. ಬೀದಿದೀಪ ಇನ್ನೂ ಆರಿಲ್ಲ. ಆಗಲೇ ಉಲ್ಲಾಳದಿಂದ ಬೈಕಿಗೆ ಹಾಲಿನ ಕ್ಯಾನು ಹೇರಿಕೊಂಡು ಬಂದ ಬೆಟ್ಟಯ್ಯ ಎದುರು ನಿಂತು ಆಕಳಿಸುತ್ತಿದ್ದಾರೆ.

ಬಿಚ್ಚಿದ ಬ್ರೇಕ್ ಪ್ಯಾಡನ್ನು ಕೊಟ್ರಪ್ಪ ಮೊದಲು ನೋಡುವುದಿಲ್ಲ, ಮೂಸುತ್ತಾರೆ. “ಸುಟ್ಟ ವಾಸನಿ ಬಂದ್ರ ಓಡ್ಸಿದೋನ ತಪ್ಪು, ಎಣ್ಣಿ ವಾಸನಿ ಬಂದ್ರ ತೊಳದೋನ ತಪ್ಪು. ಯಾವ್ದೂ ಬರ್ಲಿಲ್ಲಾ, ಪಾಪ ಅದು ದುಡದು ಸವದೈತಿ,” ಎನ್ನುತ್ತಾ ಹೊಸದನ್ನು ಕೂರಿಸುತ್ತಾರೆ. ಬೆಟ್ಟಯ್ಯ ಕ್ಯಾನಿನ ಹಗ್ಗ ಬಿಗಿದುಕೊಂಡು ಕೇಳುತ್ತಾರೆ: “ಹಿಡಿಯುತ್ತಾ ಕೊಟ್ರಪ್ಪ?”

ಈ ರಸ್ತೆಗೆ ಇದು ಹಳೆಯ ಪ್ರಶ್ನೆ. ಕಳೆದ ದಸರಾವರೆಗೆ ಉತ್ತರವೂ ಹಳೆಯದೇ ಇತ್ತು: “ಹಿಡೀತೈತಿ ಅಂತ ಮಂದಿ ಹೇಳ್ತಾರ್ರೀ.” ಕೇಳಿದವರು ಎಂಥ ವಿನಯ ಎಂದುಕೊಂಡು ಹೋಗುತ್ತಿದ್ದರು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅದು ಮನುಷ್ಯನ ಕೊರಗು. ಬ್ರೇಕು ಹಾಕಿದ ಮೇಲೆ ಅವರು ಗಾಡಿ ಓಡಿಸಿ ನೋಡುತ್ತಿದ್ದುದು ರಸ್ತೆಯ ಕೊನೆಯ ಸ್ಪೀಡ್ ಹಂಪಿನವರೆಗೆ ಮಾತ್ರ. ಎರಡನೇ ಗೇರು ಬೀಳುವಷ್ಟರಲ್ಲಿ ಹಂಪು ಎದುರಿಗೆ ಬಂದುಬಿಡುತ್ತದೆ. ಅರ್ಧ ವಿಜಯನಗರ ಇವರ ಕೈಯನ್ನು ನಂಬಿ ಓಡಾಡುತ್ತದೆ. ತಾವು ಹಾಕಿದ ಬ್ರೇಕು ಪೂರಾ ವೇಗದಲ್ಲಿ ಹೇಗೆ ಹಿಡಿಯುತ್ತದೆ ಎಂಬುದು ಮಾತ್ರ ಇವರಿಗೇ ಗೊತ್ತಿರಲಿಲ್ಲ. “ಅಡಗಿ ಮಾಡಾಕಿ ಒಂದ್ ಸಲನೂ ಉಂಡು ನೋಡಿಲ್ಲ ಅಂದ್ರ ಹೆಂಗ ಹೇಳ್ರಿ?” ಎಂದು ಅವರೇ ಕೇಳುತ್ತಿದ್ದರು.

ಕೊಟ್ರಪ್ಪ ಕೊಟ್ಟೂರು ಕಡೆಯವರು. ಲಾರಿ ಕ್ಲೀನರಾಗಿ ಬೆಂಗಳೂರಿಗೆ ಬಂದು, ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಲಾರಿಗಳ ಬ್ರೇಕಿಗೆ ಲೈನಿಂಗ್ ಬಡಿಯುವ ಕೆಲಸಕ್ಕೆ ಸೇರಿದರು. ಅಲ್ಲಿನ ಧೂಳು ಕೆಮ್ಮು ಕೊಟ್ಟಿತು, ಕಸುಬನ್ನೂ ಕೊಟ್ಟಿತು. ಕೆಮ್ಮು ಜಾಸ್ತಿಯಾದಾಗ ಹೊರಬಂದು ಈ ಸಂದಿ ಹಿಡಿದರು. ಫುಟ್‌ಪಾತ್ ತೆರವು ಅಂತ ಪಾಲಿಕೆಯವರು ಎರಡು ಬಾರಿ ತಗಡು ಕಿತ್ತರು. ಎರಡು ಬಾರಿಯೂ ಅದೇ ತಗಡು ಅದೇ ಜಾಗಕ್ಕೆ ವಾಪಸ್ ಬಂತು. ಸಾಧಾರಣ ದಿನ ಹದಿನೈದು ಇಪ್ಪತ್ತು ಗಾಡಿ ಬರುತ್ತವೆ. ಹೆಂಡತಿ ಕಲಾವತಿ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ವಿಜಯನಗರದ ಖಾನಾವಳಿಗೆ ಕೊಡುತ್ತಾರೆ. ಒಬ್ಬರದು ರೊಟ್ಟಿ ಬಡಿಯುವ ಕೈ, ಒಬ್ಬರದು ಬ್ರೇಕು ಬಿಗಿಯುವ ಕೈ, ಸಂಸಾರಕ್ಕೇನೂ ಕೊರತೆಯಿಲ್ಲ.

ಆಯುಧಪೂಜೆಯ ಮರುದಿನ ಮಾತ್ರ ಅಂಗಡಿ ಮುಂದೆ ಸಾಲೋ ಸಾಲು. ನಮ್ಮ ಜನ ಗಾಡಿ ತೊಳೆದು, ಕುಂಕುಮ ಹಚ್ಚಿ, ಫಳಫಳ ಹೊಳೆಯಲಿ ಎಂದು ಮುಂದಿನ ಚಕ್ರದಲ್ಲಿ ಪ್ಯಾಡು ಕಚ್ಚಿಹಿಡಿಯುವ ಡಿಸ್ಕಿಗೂ ಎಣ್ಣೆಬಟ್ಟೆ ಒರೆಸಿಬಿಡುತ್ತಾರೆ. ಎಣ್ಣೆ ಕುಡಿದ ಪ್ಯಾಡು ಮತ್ತೆ ಹಿಡಿಯುವುದುಂಟೆ? ಕೊಟ್ರಪ್ಪ ಪ್ರತಿ ವರ್ಷ ಬೈದೂ ಬೈದೂ ಸುಸ್ತಾಗಿ ಕೊನೆಗೊಂದು ಬೋರ್ಡು ಬರೆಸಿ ತೂಗುಹಾಕಿದರು: “ಡಿಸ್ಕಿಗೆ ಎಣ್ಣೆ ಹಚ್ಚಬೇಡಿ.”

ಇನ್ನು ಗಿರಿರಾಜ್ ವಿಷಯ. ಬಸವೇಶ್ವರನಗರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಈತನಿಗೆ ಬೈಕ್ ರೇಸಿನ ಹುಚ್ಚು. ಚೆನ್ನೈ ಕಡೆಯ ರೇಸ್ ಟ್ರ್ಯಾಕಿನಲ್ಲಿ ಹೊಸಬರಿಗೆಂದೇ ಒಂದು ದಿನ ಇಡುತ್ತಾರೆ. ಸ್ಪರ್ಧೆ ಗಿರ್ಧೆ ಇಲ್ಲ, ಹೇಳಿಕೊಟ್ಟಂತೆ ಓಡಿಸಿ ಕಲಿಯುವುದು. ಕಳೆದ ವರ್ಷ ಗೆಳೆಯನೊಬ್ಬ ಬರಲಾಗದೆ ಒಂದು ಜಾಗ ಖಾಲಿ ಬಿದ್ದಾಗ ಗಿರಿರಾಜ್ ನೆಟ್ಟಗೆ ಹೊಸಹಳ್ಳಿಗೆ ಬಂದ. “ಕೊಟ್ರಣ್ಣ, ನೀವು ಬನ್ನಿ. ಹಂಪೇ ಇಲ್ಲದ ರಸ್ತೆ ತೋರಿಸ್ತೀನಿ.”

ಕೊಟ್ರಪ್ಪ ಅಂದು ಊಟ ಮಾಡಲಿಲ್ಲ. ಖುಷಿಗೆ! ಪಕ್ಕದ ಟೀ ಅಂಗಡಿಯ ಜಗನ್ನಾಥ ಇಡೀ ರಸ್ತೆಗೆ ಡಂಗುರ ಸಾರಿದ: “ಬ್ರೇಕ್ ಹಾಕೋನು ರೇಸಿಗೆ ಹೋಗ್ತಾನಂತೆ ಕಣ್ರೋ! ಗಾಡಿ ಹೊರಟಲ್ಲೇ ನಿಂತಿರುತ್ತೆ!”

ತಮ್ಮ ಹಳೆಯ ನೂರೈವತ್ತು ಸಿಸಿ ಬೈಕಿಗೆ ಯಾವ ಪ್ಯಾಡು? ಊರಿಗೆಲ್ಲ ಆರಿಸಿಕೊಟ್ಟವರು ತಮಗೆ ಆರಿಸಲು ವಾರ ತೆಗೆದುಕೊಂಡರು. ತೀರಾ ಮೆತ್ತಗಿನದು ಟ್ರ್ಯಾಕಿನ ಬಿಸಿಗೆ ಸೋತು ಜಾರುತ್ತದೆ. ರೇಸಿನವರದು ಚೆನ್ನಾಗಿ ಕಾದ ಮೇಲಷ್ಟೇ ಕಚ್ಚುತ್ತದೆ. ನಡುವಿನದೊಂದು ಆರಿಸಿ, ಬ್ರೇಕ್ ಎಣ್ಣೆ ಬದಲಿಸಿ, ಬೆಳಗಾಗೆದ್ದು ಉಲ್ಲಾಳದ ಖಾಲಿ ರಸ್ತೆಯಲ್ಲಿ ಹಗುರಾಗಿ ಹಿಡಿದು, ಬಿಟ್ಟು, ಆರಲು ಕೊಟ್ಟು, ಪ್ಯಾಡಿಗೂ ಡಿಸ್ಕಿಗೂ ಹೊಂದಿಕೆ ಮಾಡಿಸಿದರು. “ಹೊಸ ಸೊಸಿ ಇದ್ದಂಗ್ರೀ. ಬಂದ ದಿನಾನ ಮನಿ ಕೆಲಸೆಲ್ಲಾ ಹೇರಬಾರದು,” ಎನ್ನುತ್ತಾರೆ.

ಆಯುಧಪೂಜೆ ಬಂತು. ಮಾರನೆಯ ಸಂಜೆ ಬೈಕನ್ನು ಟೆಂಪೋಗೆ ಹೇರಿಕೊಂಡು ಹೊರಡುವುದು, ಭಾನುವಾರ ಟ್ರ್ಯಾಕು. ವಿಜಯದಶಮಿಯ ದಿನ ಅಂಗಡಿಗೆ ರಜೆ ಹಾಕಿ, ಬೆಳಿಗ್ಗೆ ಕೊನೆಯದಾಗಿ ಒಂದು ಸುತ್ತು ಎಂದು ಕೊಟ್ರಪ್ಪ ಬೈಕು ಹತ್ತಿದರು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಹಂಪಿನ ಹತ್ತಿರ ಬ್ರೇಕು ಹಿಡಿದರು. ಬೈಕು ಕೇಳಲೇ ಇಲ್ಲ! ಹಂಪು ಹಾರಿ, ತಿರುಗಿಸಿಕೊಂಡು, ಕಾಲು ಎಳೆದು, ಕೊನೆಗೆ ನಿಂತಿದ್ದು ಜಗನ್ನಾಥನ ಬೆಂಚಿಗೆ ಗುದ್ದಿದ ಮೇಲೆ. ಪ್ಯಾಡು ಬಿಚ್ಚಿ ಮೂಸಿದರು. ಕೊಬ್ಬರಿ ಎಣ್ಣೆ.

ದೀಪದ ಬುಡದಲ್ಲೇ ಕತ್ತಲು. ಕಲಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. “ನಾನ ಒರಸಿದ್ನಿರಿ. ಅಷ್ಟ್ ಜೋರ್ ಓಡ್ಸಾಕ ಹೊಂಟೀರಿ, ಏನೂ ಆಗಬಾರದು ಅಂತ ದೇವ್ರಿಗೆ ಬೇಡ್ಕೊಂಡು ಚಂದ ಮಾಡಿ ಪೂಜಿ ಮಾಡೀನಿ.”

“ಬೋರ್ಡು ಓದಿಲ್ಲೇನ ನೀ?” ಕೊಟ್ರಪ್ಪ ಗುಡುಗಿದರು.

“ಓದೀನಿ. ಡಿಸ್ಕ್ ಅಂದ್ರ ಈ ತೂತಿನ ತಾಟು ಅಂತ ನನಗ ಯಾರ್ ಹೇಳ್ಯಾರ? ಇಷ್ಟು ವರ್ಷ ರೊಟ್ಟಿ ತಿಂದು ಹೋಗ್ತೀರಿ, ಒಂದಿನ ಅಂಗಡ್ಯಾಗ ಕುಂದ್ರಿಸ್ಕೊಂಡು ತೋರಿಸೀರೇನು?”

ಗುಡುಗು ಅಲ್ಲಿಗೆ ಅಡಗಿತು. ಮಾತು ನಿಜವಿತ್ತು. ಆ ತಳಿಯ ಪ್ಯಾಡು ತಮ್ಮ ಅಂಗಡಿಯಲ್ಲಿ ಇನ್ನೊಂದು ಜೋಡಿ ಇರಲಿಲ್ಲ, ಹಬ್ಬಕ್ಕೆ ಊರಿನ ಬಿಡಿಭಾಗದ ಅಂಗಡಿಗಳೆಲ್ಲ ಬಂದ್. ಸುದ್ದಿ ತಿಳಿದು ಓಡಿಬಂದ ಗಿರಿರಾಜ್ ತನ್ನಲ್ಲಿದ್ದ ಇನ್ನೊಂದು ಜೋಡಿ ರೇಸ್ ಪ್ಯಾಡನ್ನೇ ಮುಂದೆ ಹಿಡಿದ. “ನನ್ನದೂ ಇದೇ ಬೈಕ್ ಅಲ್ವಾ ಅಣ್ಣ, ಕೂರುತ್ತೆ. ಹಾಕ್ಕೊಳ್ಳಿ.” ಹೊಳೆಯುವ ಪ್ಯಾಡನ್ನು ಕೊಟ್ರಪ್ಪ ಆಸೆಯಿಂದಲೇ ನೋಡಿದರು. ಅದನ್ನು ಹಾಕಿದರೆ ಹೋಗಬಹುದು, ಹಾಕದಿದ್ದರೆ ಮನೆಯಲ್ಲೇ ಕೂರಬೇಕು. ಕೊನೆಗೆ ಹಿಂದಕ್ಕೆ ಕೊಟ್ಟರು. “ನೀವು ಗಟ್ಟಿ ಹಿಡಿತೀರಿ, ನಿಮ್ಮದು ಕಾಯ್ತೈತಿ. ನಾ ಹೊಸಬ, ಹೆದರಿ ಹೆದರಿ ಹಿಡಿಯೋನು. ಇದು ಕಾಯೋದರಾಗ ನಾ ಗೋಡಿ ಮುಟ್ಟಿರ್ತೀನಿ.”

ಹೇಳುತ್ತಿದ್ದಂತೆಯೇ ಏನೋ ಹೊಳೆದು, ಹಳೆಯ ಪ್ಯಾಡುಗಳ ಡಬ್ಬಿ ನೆಲಕ್ಕೆ ಸುರುವಿದರು. ಗಿರಿರಾಜ್ ರೇಸಿನ ಪ್ಯಾಡಿಗೆ ಬದಲಾದಾಗ ಬಿಚ್ಚಿಟ್ಟಿದ್ದ ಹಳೆಯ ಜೋಡಿ ಅಲ್ಲೇ ಇತ್ತು. ಅದೇ ನಡುವಿನ ತಳಿ, ಅರ್ಧ ಸವೆದದ್ದು, ಮೂಸಿದರೆ ಯಾವ ವಾಸನೆಯೂ ಇಲ್ಲ. ಕಲಾವತಿ ಯಾರನ್ನೂ ಕೇಳದೆ ಸೋಪಿನ ಪುಡಿ ಹಾಕಿ ಡಿಸ್ಕು ತಿಕ್ಕಲು ಕುಳಿತರು. ರೊಟ್ಟಿ ತಟ್ಟೆ ತಿಕ್ಕುವ ಕೈ, ಕೇಳಬೇಕೆ? ಆಮೇಲೆ ಉಪ್ಪುಕಾಗದ ತೆಗೆದುಕೊಂಡು ಮತ್ತೊಮ್ಮೆ ಉಜ್ಜಿದರು. ಕೊಟ್ರಪ್ಪ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಪ್ಯಾಡು ಕೂರಿಸಿದರು. ಮಧ್ಯಾಹ್ನ ಉಲ್ಲಾಳದ ರಸ್ತೆಯಲ್ಲಿ ಮತ್ತೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು. ಸಂಜೆಗೆ ಬೈಕು ಟೆಂಪೋ ಏರಿತು.

ಭಾನುವಾರ ಕೊಟ್ರಪ್ಪ ಟ್ರ್ಯಾಕಿಗೆ ಇಳಿದರು. ನೇರ ದಾರಿ ಮುಗಿದು ಬಲಕ್ಕೆ ತಿರುಗುವ ಮೊದಲು, ತಿರುವು ಇನ್ನೆಷ್ಟು ದೂರ ಎಂದು ತೋರಿಸುವ ಮೂರು ಗುರುತಿನ ಹಲಗೆಗಳು ಸಾಲಾಗಿ ನಿಂತಿದ್ದವು. ಮೊದಲ ಸುತ್ತಿನಲ್ಲಿ ಮೊದಲ ಹಲಗೆಗೂ ಮುಂಚೆ ಹಿಡಿದುಬಿಟ್ಟರು. ಬೈಕು ಎಲ್ಲೋ ನಿಂತು, ತಿರುವು ಇನ್ನೆಲ್ಲೋ ಉಳಿಯಿತು. ಜಗನ್ನಾಥನ ಮಾತು ನೆನಪಾಗಿ ಹೆಲ್ಮೆಟ್ಟಿನೊಳಗೇ ನಗು ಬಂತು. ಸುತ್ತು ಸುತ್ತಿಗೂ ಒಂದೊಂದು ಹಲಗೆ ಮುಂದಕ್ಕೆ ಹೋದರು. ಕೊನೆಯ ಸುತ್ತು. ಇಂಜಿನ್ನು ಚೀರುತ್ತಿದೆ, ಗಾಳಿ ಎದೆಗೆ ಒದೆಯುತ್ತಿದೆ, ಮೊದಲ ಹಲಗೆ ಹೋಯಿತು, ನಡುವಿನದೂ ಹೋಯಿತು. ಆಗ ಹಿಡಿದರು.

ಬೈಕು ಮೂತಿ ತಗ್ಗಿಸಿ ನೆಲ ಕಚ್ಚಿತು. ಅಲ್ಲಾಡಲಿಲ್ಲ, ಜಾರಲಿಲ್ಲ. ತಿರುವು ಬೇಕಾದಲ್ಲಿ ಬೇಕಾದ ಹಾಗೆ ಬಂತು. “ಹಿಡೀತಲೇ!” ಎಂದು ಕೊಟ್ರಪ್ಪ ಹೆಲ್ಮೆಟ್ಟಿನೊಳಗೆ ಹಾಕಿದ ಕೇಕೆ ಗೋಡೆಯಾಚೆ ನಿಂತಿದ್ದ ಗಿರಿರಾಜನಿಗೂ ಕೇಳಿಸಿತಂತೆ. ಇರಲಿಕ್ಕಿಲ್ಲ, ಆದರೆ ಆತ ಆಣೆ ಮಾಡುತ್ತಾನೆ. ಇಳಿದು ಬಂದವರು ಮೊದಲು ಮಾಡಿದ್ದು ಕಲಾವತಿಗೆ ಫೋನು. “ನಿನ್ನ ತಾಟು ಗೆದ್ದೈತಿ ಕಲಾ,” ಎಂದರು.

ಈಗ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಕಲಾವತಿಗೂ ಒಂದು ಮಣೆ ಇದೆ. ಬೋರ್ಡೂ ಬದಲಾಗಿದೆ. ಸವೆದ ಡಿಸ್ಕೊಂದನ್ನು ತಂತಿಯಲ್ಲಿ ಕಟ್ಟಿ, ಕೆಳಗೆ ಅವರೇ ಬರೆದಿದ್ದಾರೆ: “ಈ ತಾಟಿಗೆ ಎಣ್ಣೆ ಹಚ್ಚಬೇಡಿ.” ಈ ದಸರಾಕ್ಕೆ ಎಣ್ಣೆ ಕೇಸು ಕಡಿಮೆಯಾಗಿ ವ್ಯಾಪಾರ ಬಿದ್ದುಹೋದರೆ ತಾನೇ ಹೊಣೆ ಎಂದು ನಗುತ್ತಾರೆ.

ಬೀದಿದೀಪ ಆರಿದೆ. ಬೆಟ್ಟಯ್ಯ ಇನ್ನೂ ಉತ್ತರಕ್ಕೆ ಕಾಯುತ್ತಾ ನಿಂತಿದ್ದಾರೆ. ಕೊಟ್ರಪ್ಪ ಕೊನೆಯ ನಟ್ಟು ಬಿಗಿದು, ಕೈ ಒರೆಸಿಕೊಂಡು, ಎದ್ದು ನಿಲ್ಲುತ್ತಾರೆ.

“ಹಿಡೀತೈತಿ ಹೋಗ್ರಿ ಯಜಮಾನ್ರ. ನಾನ ಹಿಡದು ನೋಡೀನಿ.”