ಪಕ್ಕದಲ್ಲಿ ಕೂರುವವರು

ನನ್ನ ಸಂಶೋಧನೆಯ ಮಾರ್ಗದರ್ಶಕಿಗೆ ಒಂದೇ ಜಪ: "ಮೊದಲು ವೇರಿಯಬಲ್‌ಗಳನ್ನು ಗುರುತಿಸು. ಯಾವುದು ಕಾರಣ, ಯಾವುದು ಪರಿಣಾಮ?" ಮಕ್ಕಳು ಓದಿನಲ್ಲಿ ಮುಂದೆ ಬರುವುದು ಯಾತರಿಂದ ಎಂಬುದು ನನ್ನ ವಿಷಯ. ನಿದ್ದೆ, ಟ್ಯೂಷನ್, ಮನೆಮಾತು ಎಂದೆಲ್ಲ ಹೇಳಿ ನೋಡಿದೆ, ಆಕೆ ಒಪ್ಪಲಿಲ್ಲ. ನನಗೂ ರೇಗಿತು. ಮೈಸೂರಿನಲ್ಲಿ ನಾನು ಓದುವಾಗ ಸೋದರತ್ತೆ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದರು. ಓದುಬರಹ ಬಾರದ ಹೆಂಗಸು, ಆದರೂ ಅವರು ಎದ್ದು ಹೋದರೆ ನನ್ನ ಓದೂ ನಿಲ್ಲುತ್ತಿತ್ತು. ಅದನ್ನೇ ಹಿಡಿದೆ: ದೊಡ್ಡವರು ಪಕ್ಕದಲ್ಲಿ ಕೂತರೆ ಮಕ್ಕಳ ಅಂಕ ಏರುತ್ತದೆಯೇ?

ಮೊದಲ ಪ್ರಯೋಗಕ್ಕೆ ಒಪ್ಪಿದವರು ಇಲ್ಲೇ ಲಂಡನ್ನಿನ ಸ್ಟ್ಯಾನ್ಮೋರ್‌ನ ಒಬ್ಬ ಡಾಕ್ಟರಮ್ಮ, ಧಾರವಾಡದವರು. ಮಗಳಿಗೆ ಹತ್ತು ವರ್ಷ. ಜನವರಿಯಲ್ಲಿ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆ. ಚೂಟಿ ಹುಡುಗಿ, ಆದರೂ ಅಕ್ಟೋಬರಿನಿಂದ ಅಂಕ ಇಳಿಯುತ್ತಲೇ ಇತ್ತು.

"ನಮ್ಮವ್ವ ದಿನಾ ವಿಡಿಯೋದಾಗ ಬಂದು ಕುಂದರ್ತಾಳ್ರಿ. ಆದ್ರೂ ಹಿಂಗಾಗೈತಿ. ನೀವರ ನೋಡ್ರಿ, ಅಕ್ಕಾರ," ಎಂದರು.

ನವೆಂಬರಿನ ಸಂಜೆ, ಆಗಲೇ ಕತ್ತಲು. ಹುಡುಗಿಯ ಮೇಜಿನ ಮೇಲೆ ಟ್ಯಾಬ್ಲೆಟ್. ಅದರಲ್ಲಿ ಅಜ್ಜಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. "ನಮಸ್ಕಾರ ಅಜ್ಜಿ" ಎಂದೆ. ಅವರು ತಲೆಯೆತ್ತಲಿಲ್ಲ. ಕಿವಿ ಮಂದವೇನೋ ಎಂದುಕೊಂಡು ಮೂಲೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅಜ್ಜಿ ಕೆಮ್ಮಿದರು, ಸೆರಗಿನಿಂದ ಬಾಯೊರೆಸಿಕೊಂಡು "ಓದವ್ವಾ" ಎಂದರು. ಹುಡುಗಿ "ಹೂಂ" ಎಂದಳು. ಎಷ್ಟು ಚೆಂದ ಅನ್ನಿಸಿತು ನನಗೆ.

ಮರುವಾರ ಮತ್ತೆ ಹೋದೆ. ಅದೇ ನೀಲಿ ಸೀರೆ. ಇರಲಿ, ಮನೆಯಲ್ಲಿ ಉಡುವುದು ತಾನೆ. ಅದೇ ಕೆಮ್ಮು. ಅದೇ ಸೆರಗು. ಅಜ್ಜಿಯ ಹಿಂದಿನ ಗೋಡೆಯಲ್ಲಿ ಅದೇ ಹಲ್ಲಿ, ಅದೇ ಜಾಗದಿಂದ ಓಡಿತು. ಹುಡುಗಿ ಪುಸ್ತಕದಿಂದ ಕಣ್ಣೆತ್ತದೆ "ಹೂಂ" ಎಂದಳು. ಆಮೇಲೆ ಅಜ್ಜಿ "ಓದವ್ವಾ" ಎಂದರು. ಅಯ್ಯೋ ದೇವರೇ, ಉತ್ತರ ಮೊದಲು, ಮಾತು ಆಮೇಲೆ!

ಕೆಳಗಿಳಿದು ಅಡುಗೆಮನೆಯಲ್ಲಿ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅವರು ಒಲೆ ಸಣ್ಣ ಮಾಡಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು.

"ಅವ್ವ ದಸರಾಕ್ಕ ಮೊದಲ ಹೋದಳ್ರಿ. ಮಗಳಿಗೆ ಕಾನ್ಫರೆನ್ಸ್ ಅಂತ ಸುಳ್ಳು ಹೇಳಿ, ಊರಿಗೆ ಹೋಗಿ ಮಣ್ಣು ಮಾಡಿ ಬಂದೆ. ಹಿಂದ ಒಂದಿನ ರೆಕಾರ್ಡ್ ಮಾಡಿಟ್ಟಿದ್ದೆ, ಅದನ್ನ ಹಚ್ಚತೇನಿ. ಆ ಸಾಲಿ ಸಿಗಲಿ, ಆವತ್ತ ಬಂದ್ ಮಾಡಿ ಎಲ್ಲಾ ಹೇಳತೇನಿ. ಅಲ್ಲೀತನಕ ಬಾಯಿ ಬಿಡಬ್ಯಾಡ್ರಿ, ಕೈ ಮುಗೀತೇನಿ."

ಬೈಯಬೇಕೆಂದಿದ್ದೆ. ಅವರ ಮುಖ ನೋಡಿ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬ್ಯಾಗು ತರಲು ಮೇಲೆ ಹೋದೆ. ಹುಡುಗಿ ಒಂದು ಲೆಕ್ಕ ಮುಗಿಸಿದ್ದಳು, ಉತ್ತರ ಸರಿಯಿತ್ತು. ನನ್ನ ಕಣ್ಣೆದುರೇ ಅದನ್ನು ಅಳಿಸಿ ತಪ್ಪು ಉತ್ತರ ಬರೆದಳು.

"ಯಾಕಮ್ಮಾ, ಸರಿಯಾಗೇ ಇತ್ತಲ್ಲ?"

ಅದುವರೆಗೆ ನನ್ನೊಡನೆ ಇಂಗ್ಲಿಷ್ ಬಿಟ್ಟು ಮಾತಾಡದ ಹುಡುಗಿ, ಅಜ್ಜಿಯ ಕನ್ನಡದಲ್ಲೇ ಪಿಸುಗುಟ್ಟಿದಳು: "ಅಜ್ಜಿ ಇಲ್ಲಂತ ನಂಗ ಗೊತ್ತೈತಿ, ಆಂಟಿ. ಅಮ್ಮ ದಿನಾ ಮೆಟ್ಟಲ ಮ್ಯಾಲ ಕುಂತು ಅಜ್ಜಿ ದನಿ ಕೇಳತಾಳ, ಅಳತಾಳ. ನಂಗ ಸ್ಕೂಲ್ ಸಿಕ್ಕರ ಇದನ್ನ ಬಂದ್ ಮಾಡತೇನಿ ಅಂತ ಅಮ್ಮ ಅಪ್ಪಗ ಹೇಳಿದ್ದು ಕೇಳೇನಿ. ಆಮ್ಯಾಲ ಅಮ್ಮಗ ಯಾರದಾರ?"

ಮಗುವಿನ ಓದಿಗೆ ಆಸರೆ ಯಾವುದೆಂದು ನಾನು ಹುಡುಕಿಕೊಂಡು ಬಂದಿದ್ದೆ. ಆ ಮಗು ತಾಯಿಯ ಆಸರೆ ಉಳಿಸಲು ತನ್ನ ಓದನ್ನೇ ಕೆಡಿಸಿಕೊಳ್ಳುತ್ತಿತ್ತು.

ತಿರುಗಿದರೆ ಬಾಗಿಲಲ್ಲಿ ಡಾಕ್ಟರಮ್ಮ. ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಮಗಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವಳ ಮೊಣಕಾಲಿಗೆ ಹಣೆ ಹಚ್ಚಿದರು. ಟ್ಯಾಬ್ಲೆಟ್‌ನಲ್ಲಿ ಅಜ್ಜಿ ಹೂಬತ್ತಿ ಹೊಸೆಯುತ್ತಲೇ ಇದ್ದರು.

ಕೈ ಚಾಚಿ ಅದನ್ನು ಆರಿಸಿದ್ದು ಮಗಳು.